ಐಡಿವಿ ಇಳಿಸಿದರೆ ಪ್ರೀಮಿಯಂ ಉಳಿಯುತ್ತದಲ್ಲ, ತಪ್ಪೇನು?

ಪ್ರಶ್ನೆ: ನನ್ನದು ನಾಲ್ಕು ವರ್ಷದ 1,200 ಸಿಸಿ ಕಾರು, ಬೆಂಗಳೂರು ರಿಜಿಸ್ಟ್ರೇಷನ್. ಹಳೆ ಕಾರಿನಿಂದ ತಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) 50% ಇದೆ. ರಿನ್ಯೂವಲ್ ಮಾಡಲು ಹೋದರೆ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ನಮೂದಿಸುವ ಬೆಲೆ, ಕಾರು ಪೂರ್ತಿ ಹೋದರೆ ಸಿಗುವ ಮೊತ್ತ) 4 ಲಕ್ಷದಿಂದ 5 ಲಕ್ಷದೊಳಗೆ ಎಷ್ಟು ಬೇಕೋ ಆರಿಸಿ ಎಂದು ಕೇಳುತ್ತಿದೆ. ಕಾರು ಕಳುವಾದರೆ ಮಾತ್ರ ತಾನೆ ಐಡಿವಿ ಬೇಕಾಗುವುದು? ನಾನು ನಿಲ್ಲಿಸುವುದು ಗೇಟಿನ ಒಳಗೆ. 4 ಲಕ್ಷವೇ ಸಾಕಲ್ಲವೇ?

ಉತ್ತರ: ಸಾಲದು. 5 ಲಕ್ಷವನ್ನೇ ಹಾಕಿಸಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ, ಕ್ಯಾಲ್ಕುಲೇಟರ್ ಹಿಡಿದು ಕೂತುಕೊಳ್ಳಿ.

ನಿಮ್ಮ ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. 1,000ದಿಂದ 1,500 ಸಿಸಿ ಒಳಗಿನ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ಸರ್ಕಾರ ಗೊತ್ತುಮಾಡಿದ ದರ 3,416 ರೂಪಾಯಿ. ಐಡಿವಿ 4 ಲಕ್ಷವಾದರೂ 40 ಲಕ್ಷವಾದರೂ ಇದು ಅಲ್ಲಾಡುವುದಿಲ್ಲ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಗೆ. ಐಡಿವಿಯ ಆಟವೆಲ್ಲ ಇಲ್ಲಿ ಮಾತ್ರ. ಬೆಂಗಳೂರು ಇರುವ ಎ ವಲಯದಲ್ಲಿ, ಐದು ವರ್ಷದೊಳಗಿನ ಇಂಥ ಕಾರಿಗೆ ಹಳೆಯ ಟ್ಯಾರಿಫ್ ದರ ಐಡಿವಿಯ 3.283%. ಈಗ ದರ ಕಂಪನಿಗಳ ಕೈಯಲ್ಲಿದ್ದರೂ ಲೆಕ್ಕ ಹಿಡಿಯಲು ಈ ಅಂಕಿಯಿಂದಲೇ ಹೊರಡೋಣ. 1 ಲಕ್ಷ ಐಡಿವಿ ಕಡಿಮೆ ಮಾಡಿದರೆ 3,283 ರೂಪಾಯಿ ಇಳಿಯಿತು. ಕಂಪನಿ ಹೇಗೂ 60% ಡಿಸ್ಕೌಂಟ್ ಕೊಡುತ್ತಿದೆ ಎಂದುಕೊಳ್ಳಿ, ಆಗ ಉಳಿಯುವುದು 1,313. ಅದರಲ್ಲಿ ನಿಮ್ಮ 50% ಬೋನಸ್ ಕಳೆದರೆ 657. 18% ಜಿಎಸ್‌ಟಿ ಸೇರಿಸಿ 775 ರೂಪಾಯಿ.

ಅಂದರೆ ವರ್ಷಕ್ಕೆ 775 ರೂಪಾಯಿ ಉಳಿಸಲು 1 ಲಕ್ಷದ ರಕ್ಷಣೆ ಬಿಟ್ಟುಕೊಡಲು ಹೊರಟಿದ್ದೀರಿ.

‘ಕಳುವಾದರೆ ಮಾತ್ರ’ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣವಿದೆ: ಅದು ಅರ್ಧ ನಿಜ. ಬಂಪರ್ ಒಡೆಯಿತು, ಬಾಗಿಲು ತಗ್ಗಾಯಿತು ಎಂಬಂಥ ಸಣ್ಣ ಕ್ಲೇಮಿನಲ್ಲಿ ಐಡಿವಿಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನೋಡುವುದು ಬಿಡಿಭಾಗದ ಸವಕಳಿ: ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ 50% ಕಡಿತ, ಫೈಬರ್‌ಗೆ 30%, ಗಾಜಿಗೆ ಏನೂ ಇಲ್ಲ, ಲೋಹಕ್ಕೆ ಕಾರಿನ ವಯಸ್ಸಿನ ಪ್ರಕಾರ. ಎರಡು ಸಣ್ಣ ಕ್ಲೇಮ್ ಸಲೀಸಾಗಿ ಪಾಸಾದವರು ‘ಐಡಿವಿ ಇಳಿಸಿದೆ, ಏನೂ ಆಗಲಿಲ್ಲ’ ಎಂದು ಊರಿಗೆಲ್ಲ ಸಲಹೆ ಕೊಡುತ್ತಾರೆ.

ಅವರು ಓದದೆ ಬಿಟ್ಟ ಸಾಲು ಪಾಲಿಸಿಯಲ್ಲೇ ಇದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಾರು ‘ಟೋಟಲ್ ಲಾಸ್’: ರಿಪೇರಿ ಇಲ್ಲ, ಐಡಿವಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬೇಸ್‌ಮೆಂಟಿಗೆ ನೀರು ನುಗ್ಗಿ ಸೀಟಿನ ಮಟ್ಟಕ್ಕೆ ನಿಂತಿತು ಎಂದಿಟ್ಟುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಸರ್ಜಾಪುರ ರಸ್ತೆಯ ಕಡೆ ಗೇಟಿನ ಒಳಗೇ ನಿಂತಿದ್ದ ಕಾರುಗಳು ಮುಳುಗಿದ್ದನ್ನು ಮರೆತಿರಲಾರಿರಿ. ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೀಟು, ಕಾರ್ಪೆಟ್ ಎಲ್ಲ ಸೇರಿ ಗ್ಯಾರೇಜಿನ ಎಸ್ಟಿಮೇಟ್ 3.2 ಲಕ್ಷ ಬಂತು. ಐಡಿವಿ 5 ಲಕ್ಷವಿದ್ದರೆ ಗಡಿ 3.75 ಲಕ್ಷ, ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ. ಐಡಿವಿ 4 ಲಕ್ಷವಿದ್ದರೆ ಗಡಿ 3 ಲಕ್ಷ. ಅದೇ ಕಾರು, ಅದೇ ನೀರು, ಆದರೆ ಟೋಟಲ್ ಲಾಸ್. ಕೈಗೆ ಬರುವುದು 4 ಲಕ್ಷದಲ್ಲಿ ಕಡ್ಡಾಯ ಕಡಿತದ (ಪ್ರತಿ ಕ್ಲೇಮಿನಲ್ಲೂ ನೀವೇ ಹೊರಬೇಕಾದ ಪಾಲು) 1,000 ಕಳೆದು 3,99,000. ಅಂಥದ್ದೇ ಕಾರಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 5 ಲಕ್ಷ ಕೇಳುತ್ತಾರೆ. ಕಾರಿನ ಮೇಲೆ ಸಾಲವಿದ್ದರೆ ಆ ಹಣವೂ ಮೊದಲು ಬ್ಯಾಂಕಿಗೆ. ಝೀರೋ ಡೆಪ್ (ಸವಕಳಿ ಕಡಿತ ಇಲ್ಲದಂತೆ ಮಾಡುವ ಆಡ್-ಆನ್) ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದು ಬಿಡಿಭಾಗದ ಸವಕಳಿಗೆ ಮಾತ್ರ, ಟೋಟಲ್ ಲಾಸ್‌ನಲ್ಲಿ ಐಡಿವಿಗಿಂತ ಒಂದು ರೂಪಾಯಿ ಹೆಚ್ಚು ಕೊಡಿಸುವುದಿಲ್ಲ.

ನೀರಿನ ಮಾತು ಬಂದಾಗಲೇ ಇದನ್ನೂ ಹೇಳಿಬಿಡುತ್ತೇನೆ. ನೀರಲ್ಲಿ ನಿಂತ ಕಾರಿಗೆ ಕೀ ತಿರುಗಿಸಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಹಾನಿ ನೀರಿನಿಂದ ಆದದ್ದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಹಾನಿ ಅಳೆಯಲು ಬರುವ ಸರ್ವೇಯರ್ ಬರೆಯುತ್ತಾರೆ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಬೇಸ್‌ಮೆಂಟ್ ಪಾರ್ಕಿಂಗ್ ಇರುವವರು ಬೇರೆ ಯಾವ ಆಡ್-ಆನ್ ಬಿಟ್ಟರೂ ಇದನ್ನು ಬಿಡಬಾರದು.

ಹಾಗಾದರೆ ಉಳಿತಾಯ ಎಲ್ಲಿ? ಬೋನಸ್ ಕಾಪಾಡಿಕೊಳ್ಳುವುದರಲ್ಲಿ. ಒಂದು ಕ್ಲೇಮ್ ಮಾಡಿದರೆ ನಿಮ್ಮ 50% ಸೊನ್ನೆಗಿಳಿಯುತ್ತದೆ. ಆಮೇಲೆ 20, 25, 35, 45 ಎಂದು ಮೆಟ್ಟಿಲು ಹತ್ತಿ 50ಕ್ಕೆ ಮರಳಬೇಕು. ಐದು ವರ್ಷದಲ್ಲಿ ಕಳೆದುಕೊಂಡದ್ದನ್ನು ಕೂಡಿಸಿ: 50, 30, 25, 15, 5, ಒಟ್ಟು 125%. 5 ಲಕ್ಷದ ಮೇಲೆ ಡಿಸ್ಕೌಂಟ್ ಕಳೆದ ಓನ್ ಡ್ಯಾಮೇಜ್ 6,566 ರೂಪಾಯಿ. ಅದರ 125%, ಮೇಲೆ ಜಿಎಸ್‌ಟಿ, ಸುಮಾರು 9,700. ಐಡಿವಿ ವರ್ಷವರ್ಷ ಇಳಿಯುವುದರಿಂದ 8,000 ಎಂದು ಹಿಡಿಯಿರಿ. ಅದಕ್ಕಿಂತ ಕಡಿಮೆ ಖರ್ಚಿನ ಗೀರು, ತಗ್ಗುಗಳಿಗೆ ಕೈಯಿಂದಲೇ ಕೊಟ್ಟುಬಿಡುವುದು ಲಾಭ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಕ್ಲೇಮ್ ಮಾಡದೆಯೂ ಬೋನಸ್ ಹೋಗುತ್ತದೆ, ಇದು ಶುದ್ಧ ದಂಡ.

ಇನ್ನೊಂದು, ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ. ಮನೆಯ ಸ್ಕೂಟರ್ ನಿಮ್ಮ ಹೆಸರಲ್ಲೇ ಇದ್ದು ಅದರಲ್ಲಿ ಇದನ್ನು ಆಗಲೇ ತೆಗೆದುಕೊಂಡಿದ್ದರೆ ಕಾರಿಗೆ ಮತ್ತೆ ಬೇಡ. ವಾಲಂಟರಿ ಡಿಡಕ್ಟಿಬಲ್, ಅಂದರೆ ಕ್ಲೇಮಿನಲ್ಲಿ ಇಷ್ಟನ್ನು ನಾನೇ ಹೊರುತ್ತೇನೆಂದು ಒಪ್ಪಿ ಪ್ರೀಮಿಯಂ ಇಳಿಸಿಕೊಳ್ಳುವುದು, ನನಗೆ ಅಷ್ಟು ಇಷ್ಟವಿಲ್ಲ. ಹಳೆ ಟ್ಯಾರಿಫ್‌ನಲ್ಲಿ 15,000 ನಿಮ್ಮ ತಲೆ ಮೇಲೆ ಹೊತ್ತುಕೊಂಡರೆ ಸಿಗುವ ರಿಯಾಯಿತಿ ಹೆಚ್ಚೆಂದರೆ 2,500. ಕೈಯಿಂದ ಹೋಗುವುದನ್ನು ಇಳಿಸುವ ಝೀರೋ ಡೆಪ್ಪನ್ನೂ ಏರಿಸುವ ಇದನ್ನೂ ಒಟ್ಟಿಗೆ ಹಾಕಿಸುವವರಿದ್ದಾರೆ, ಏನು ಹೇಳುವುದು!

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು: ಕಾರಿಗೆ ಕಡಿಮೆ ಹಾಕಿಸುವವರೇ ಮನೆಗೆ ವಿಪರೀತ ಹಾಕಿಸುತ್ತಾರೆ. 30×40 ಸೈಟಿನ ಮನೆ ಒಂದೂವರೆ ಕೋಟಿಗೆ ಹೋಗುತ್ತದೆಂದು ಅಷ್ಟಕ್ಕೇ ವಿಮೆ ಕೇಳುತ್ತಾರೆ. ಸೈಟಿಗೆ ಬೆಂಕಿ ಬೀಳುವುದಿಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದ ಹಾಗೆ ನೆಲವೇ ಜಾರಿ ಹೋದರೂ ಪಾಲಿಸಿ ಕೊಡುವುದು ಕಟ್ಟಡದ ಹಣ ಮಾತ್ರ. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳಲ್ಲೂ ಸಿಗುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಲೆಕ್ಕ ಸರಳ: ಕಾರ್ಪೆಟ್ ಏರಿಯಾ ಗುಣಿಸು ಈಗಿನ ಕಟ್ಟುವ ಖರ್ಚು. 2,000 ಚದರಡಿಗೆ ಚದರಡಿಗೆ 2,200ರಂತೆ 44 ಲಕ್ಷ. ಅದರ 20%, ಅಂದರೆ 8.8 ಲಕ್ಷದ ಮನೆ ಸಾಮಾನು ತಾನಾಗಿಯೇ ಸೇರುತ್ತದೆ, ಗರಿಷ್ಠ ಮಿತಿ 10 ಲಕ್ಷ. ಬಾಡಿಗೆ ಮನೆಯವರು ಬರೀ ಸಾಮಾನಿಗೂ ಮಾಡಿಸಬಹುದು.

ಒಂದು ಕಡೆ ಮಾತ್ರ ಎಚ್ಚರ. ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ಹಣ ಸಿಗುವುದು ಬೆಂಕಿ, ಪ್ರವಾಹದಂಥ ಅವಘಡದ ಕಾರಣದಿಂದಲೇ, ಅದಾದ 7 ದಿನದೊಳಗೆ ಕಳುವಾದರೆ. ದಸರಾ ರಜೆಗೆ ಊರಿಗೆ ಹೋಗಿದ್ದಾಗ ಬೀಗ ಒಡೆದರೆ ಸಿಗುವುದಿಲ್ಲ. ಅದಕ್ಕೆ ಬರ್ಗ್ಲರಿ ಕವರ್ ಬೇರೆಯಾಗಿ ಕೇಳಿ ಹಾಕಿಸಬೇಕು. ಚಿನ್ನಾಭರಣವೂ ಮೇಲಿನ 8.8 ಲಕ್ಷದಲ್ಲಿ ಬರುವುದಿಲ್ಲ, ಪ್ರಪೋಸಲ್ ಫಾರ್ಮಿನಲ್ಲಿ ಅದನ್ನು ಪ್ರತ್ಯೇಕವಾಗಿ ಬರೆಸಿ.