ಬೆಂಗಳೂರಿನ ವಾರ್ಡ್ ಸಮಿತಿಗಳು ನಡೆದುಬಂದ ದಾರಿ

ಬೆಂಗಳೂರಿನ ಬಡಾವಣೆಗಳಲ್ಲಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳಿಗೆ ಕೊರತೆಯಿಲ್ಲ. ಬಹಳಷ್ಟು ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿವೆ. ರಾಜ್ಯೋತ್ಸವಕ್ಕೆ ಧ್ವಜ ಹಾರಿಸುವುದು, ರಾತ್ರಿ ಕಾವಲಿಗೆ ವಂತಿಗೆ ಎತ್ತುವುದು, ಉದ್ಯಾನದ ಬೇಲಿ ಸರಿಪಡಿಸುವುದು, ಕೆಟ್ಟ ಬೀದಿದೀಪದ ಕಂಬದ ಸಂಖ್ಯೆ ಬರೆದು ಅರ್ಜಿ ಕೊಡುವುದು, ಎಲ್ಲವನ್ನೂ ಅವು ಮಾಡುತ್ತವೆ. ಆದರೆ ಪಾಲಿಕೆಯ ಹಣ ತಮ್ಮ ಬೀದಿಯಲ್ಲಿ ಹೇಗೆ ಖರ್ಚಾಗಬೇಕೆಂದು ಹೇಳುವ ಅಧಿಕಾರ ಕಾನೂನಿನ ಪ್ರಕಾರ ಅವಕ್ಕಿಲ್ಲ. ಸಂಘ ಮನವಿ ಕೊಡಬಹುದು, ಉತ್ತರ ಬಾರದಿದ್ದರೆ ಇನ್ನೊಂದು ಮನವಿ ಕೊಡಬಹುದು. ಆ ಅಧಿಕಾರದ ಒಂದು ಪಾಲನ್ನು ನಾಗರಿಕರಿಗೆ ಕೊಡಲೆಂದೇ ರೂಪುಗೊಂಡದ್ದು ವಾರ್ಡ್ ಸಮಿತಿ. ಮೂರು ದಶಕಗಳಲ್ಲಿ ಅದು ಹಲವು ಬಾರಿ ಹುಟ್ಟಿ, ಹಲವು ಬಾರಿ ನಿಂತುಹೋಗಿದೆ.

ಇದರ ಮೂಲ ಸಂವಿಧಾನದ 74ನೇ ತಿದ್ದುಪಡಿಯಲ್ಲಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಈ ತಿದ್ದುಪಡಿಯ 243ಎಸ್ ವಿಧಿಯು, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಹೇಳಿತು. ಆದರೆ ಒಂದು ಸಮಿತಿ ಎಷ್ಟು ವಾರ್ಡುಗಳನ್ನು ಒಳಗೊಳ್ಳಬೇಕು, ಅದರಲ್ಲಿ ಯಾರಿರಬೇಕು ಎಂಬುದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಅದೇ ಕಾಲದಲ್ಲಿ ಬಂದ 73ನೇ ತಿದ್ದುಪಡಿ ಹಳ್ಳಿಯ ಮತದಾರರಿಗೆ ಗ್ರಾಮಸಭೆಯನ್ನು ಕೊಟ್ಟಿತು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಆ ಸಭೆಯಲ್ಲಿ ಕೂರುವ ಹಕ್ಕು ತಾನಾಗಿ ಬರುತ್ತದೆ. ನಗರವಾಸಿಗೆ ಅಂಥ ಹಕ್ಕು ದೊರೆಯಲಿಲ್ಲ. ಮುಂದಿನ ಎಲ್ಲ ತೊಡಕುಗಳ ಬೇರು ಈ ವ್ಯತ್ಯಾಸದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕವು 1976ರ ಮಹಾನಗರ ಪಾಲಿಕೆಗಳ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದಿತಾದರೂ ಬೆಂಗಳೂರಿನಲ್ಲಿ ಸಮಿತಿಗಳು ರಚನೆಯಾಗಲು 1999 ಬರಬೇಕಾಯಿತು. ಆಗ ನಗರದಲ್ಲಿದ್ದ 100 ವಾರ್ಡುಗಳಿಗೆ 30 ಸಮಿತಿಗಳು. ಒಂದೊಂದು ಸಮಿತಿಯ ವ್ಯಾಪ್ತಿಯಲ್ಲಿ ಲಕ್ಷಕ್ಕೂ ಮಿಕ್ಕಿದ ಜನರಿದ್ದರು. ನಾಗರಿಕ ಸದಸ್ಯರನ್ನು ನಾಮಕರಣ ಮಾಡುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು. 2001ರಲ್ಲಿ ಪಾಲಿಕೆಯ ಅವಧಿ ಮುಗಿದಾಗ ಸಮಿತಿಗಳೂ ಮುಗಿದವು, 2003ರಲ್ಲಿ ಮತ್ತೆ ಬಂದವು, 2006ರ ನವೆಂಬರಿನಲ್ಲಿ ಚುನಾಯಿತ ಪಾಲಿಕೆಯೊಂದಿಗೆ ಮತ್ತೆ ಇಲ್ಲವಾದವು. ಇದೇ ವರ್ಷಗಳಲ್ಲಿ ಕಾನೂನಿನ ಹೊರಗೆ ನಾಗರಿಕರ ಚಟುವಟಿಕೆ ಬೆಳೆಯಿತು. ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸ್ವಯಂಸೇವಾ ಸಂಸ್ಥೆ ನೀರು, ವಿದ್ಯುತ್ತು, ಕಸದ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸುವ ವರದಿಗಳನ್ನು ಹೊರತಂದಿತು. 2001ರ ಕೊನೆಗೆ ಆರಂಭವಾದ ಜನಾಗ್ರಹ ಸಂಸ್ಥೆ ವಾರ್ಡ್ ಕಾಮಗಾರಿಗಳ ಆದ್ಯತೆಯನ್ನು ನಿವಾಸಿಗಳೇ ಗುರುತಿಸುವ ಅಭಿಯಾನ ನಡೆಸಿತು.

2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ಮರುವರ್ಷ ಪಾಲಿಕೆ ಕಾಯ್ದೆಗೆ ಸಮುದಾಯ ಸಹಭಾಗಿತ್ವದ ತಿದ್ದುಪಡಿ ಬಂತು. 2005ರ ಕೊನೆಗೆ ಕೇಂದ್ರ ಆರಂಭಿಸಿದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯ ಅನುದಾನಕ್ಕೆ ಇಂಥ ಕಾನೂನು ಒಂದು ಷರತ್ತಾಗಿತ್ತು. ಹೊಸ ತಿದ್ದುಪಡಿ 198 ವಾರ್ಡುಗಳಲ್ಲಿ ಪ್ರತಿಯೊಂದಕ್ಕೂ ಒಂದು ಸಮಿತಿಯನ್ನು ಕೊಟ್ಟಿತು: ಪಾಲಿಕೆ ಸದಸ್ಯರು ಅಧ್ಯಕ್ಷರು, ಹತ್ತು ಮಂದಿ ನಾಗರಿಕ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ಕ್ಷೇಮಾಭಿವೃದ್ಧಿ ಸಂಘಕ್ಕೆ ಕಾನೂನಿನೊಳಗೆ ಒಂದು ಕುರ್ಚಿ ಸಿಕ್ಕಿತು. ಆದರೆ ಸಮಿತಿಯ ತೀರ್ಮಾನವನ್ನು ತಳ್ಳಿಹಾಕುವ ಅಧಿಕಾರ ಪಾಲಿಕೆ ಸದಸ್ಯರಲ್ಲೇ ಉಳಿಯಿತು, ಮತ್ತು ಸಮಿತಿಗಳ ನಿಯಮಗಳು ಹೊರಬೀಳಲು 2016ರವರೆಗೆ ಕಾಯಬೇಕಾಯಿತು.

ಕಾಗದದ ಮೇಲಿದ್ದ ಈ ವ್ಯವಸ್ಥೆಯನ್ನು ಬೀದಿಗೆ ತಂದದ್ದು ಕಸ. ನಗರದ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ ಮತ್ತು ಮಂಡೂರಿನಂಥ ಹಳ್ಳಿಗಳ ಅಂಚಿನಲ್ಲಿ ಸುರಿಯಲಾಗುತ್ತಿತ್ತು. ಅಂತರ್ಜಲ ಕೆಟ್ಟು, ನೊಣ ಮತ್ತು ದುರ್ವಾಸನೆಯ ನಡುವೆ ಬದುಕಬೇಕಾಗಿ ಬಂದ ಆ ಊರಿನವರು ಪ್ರತಿಭಟನೆಗೆ ಇಳಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಮೂಲೆಮೂಲೆಯಲ್ಲಿ ಕಸದ ರಾಶಿ ಬೆಳೆಯಿತು. ಇಷ್ಟು ವರ್ಷ ಲಾರಿ ಹತ್ತಿ ಕಣ್ಮರೆಯಾಗುತ್ತಿದ್ದ ಕಸ ಎಲ್ಲಿಗೆ ಹೋಗುತ್ತಿತ್ತೆಂಬುದು ನಗರದ ಬಹುತೇಕರಿಗೆ ಆಗಲೇ ತಿಳಿದದ್ದು. ಮಂಡೂರಿನವರು ತಮ್ಮ ಹೋರಾಟ ಬಿಡಲಿಲ್ಲ. 2014ರ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು. ವಾರ್ಡ್ ಸಮಿತಿಯ ಇತಿಹಾಸ ಹೇಳುವಾಗ ಬಡಾವಣೆಗಳ ಉತ್ಸಾಹಿಗಳನ್ನು ಮಾತ್ರ ನೆನೆದು ಈ ಹಳ್ಳಿಗಳನ್ನು ಮರೆಯುವುದು ನ್ಯಾಯವಲ್ಲ.

ಕಸದ ಬಗ್ಗೆ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆಯಲ್ಲಿ ಹೈಕೋರ್ಟು ಎರಡು ದಿಕ್ಕಿನಲ್ಲಿ ಪಾಲಿಕೆಯನ್ನು ಒತ್ತಾಯಿಸಿತು: ಕಸ ಮನೆಯಲ್ಲೇ ವಿಂಗಡಣೆಯಾಗಬೇಕು, ವಾರ್ಡ್ ಸಮಿತಿಗಳು ರಚನೆಯಾಗಬೇಕು. ಎರಡಕ್ಕೂ ಸಂಬಂಧವಿದೆ. ಆಟೊ ಟಿಪ್ಪರ್ ಯಾವ ಹೊತ್ತಿಗೆ ಬರುತ್ತದೆ, ಮನೆಯವರು ಬೇರ್ಪಡಿಸಿ ಕೊಟ್ಟ ಕಸವನ್ನು ಟಿಪ್ಪರ್‌ನಲ್ಲಿ ಮತ್ತೆ ಬೆರೆಸಲಾಗುತ್ತಿದೆಯೇ, ಒಣಕಸ ಸಂಗ್ರಹ ಕೇಂದ್ರಕ್ಕೆ ಎಲ್ಲಿ ಜಾಗವಿದೆ ಎಂಬುದು ಪಾಲಿಕೆಯ ಕೇಂದ್ರ ಕಚೇರಿಯಲ್ಲಿ ಕೂತವರಿಗೆ ಗೊತ್ತಾಗುವ ಸಂಗತಿಯಲ್ಲ. ಹಸಿ ಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ ಎಂಬ ಕ್ರಮ ಮನೆಗಳಿಗೆ ತಲುಪಿದ್ದು ಬಡಾವಣೆಯ ನಿವಾಸಿಗಳು, ಅವರಲ್ಲೂ ಹೆಚ್ಚಾಗಿ ಮಹಿಳೆಯರು, ಪೌರಕಾರ್ಮಿಕರ ಜೊತೆ ಬೆಳಗಿನ ಹೊತ್ತು ಮನೆಮನೆಯ ಬಾಗಿಲಿಗೆ ಹೋಗಿ ವಿವರಿಸಿದ್ದರಿಂದ.

2016ರ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉದ್ದೇಶಿಸಿದ್ದ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಸಾವಿರಾರು ಜನ ಕೈಕೈ ಹಿಡಿದು ಸಾಲಾಗಿ ನಿಂತರು. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬೀದಿಗಿಳಿದು ಒಂದು ಯೋಜನೆಯನ್ನು ತಡೆಯಬಹುದು, ಆದರೆ ಯೋಜನೆ ರೂಪುಗೊಳ್ಳುವಾಗಲೇ ಮಾತಾಡಲು ಜಾಗ ಬೇಕಲ್ಲವೇ ಎಂಬ ಪ್ರಶ್ನೆ ಆಗ ಎದ್ದಿತು. ಹೋರಾಟದಲ್ಲಿದ್ದ ಸಿಟಿಜನ್ಸ್ ಫಾರ್ ಬೆಂಗಳೂರು ಎಂಬ ನಾಗರಿಕ ವೇದಿಕೆ ವಾರ್ಡ್ ಸಮಿತಿಗಾಗಿ ಪಟ್ಟು ಹಿಡಿಯಿತು. ನ್ಯಾಯಾಲಯದ ಒತ್ತಡವೂ ಸೇರಿ ಸಮಿತಿಗಳು ಅಧಿಸೂಚನೆಯಾದವು. 2018ರ ಡಿಸೆಂಬರಿನಿಂದ ತಿಂಗಳ ಮೊದಲ ಶನಿವಾರ ಸಭೆ ನಡೆಸುವ ಪದ್ಧತಿ ಶುರುವಾಯಿತು.

ಆ ಸಭೆಗಳು ಹೊರಗಿನವರ ಕಣ್ಣಿಗೆ ಸಪ್ಪೆಯಾಗಿ ಕಾಣುತ್ತವೆ. ವಾರ್ಡ್ ಕಚೇರಿಯಲ್ಲೋ ಸಮುದಾಯ ಭವನದಲ್ಲೋ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಹಾಜರಿ ಪುಸ್ತಕ, ಕಿರಿಯ ಆರೋಗ್ಯ ಪರಿವೀಕ್ಷಕರು, ಸಹಾಯಕ ಎಂಜಿನಿಯರ್, ಕೆಲವೊಮ್ಮೆ ಜಲಮಂಡಳಿ ಮತ್ತು ಬೆಸ್ಕಾಂ ಸಿಬ್ಬಂದಿ. ಚರಂಡಿಯ ಹೂಳು ತೆಗೆದು ರಸ್ತೆಬದಿಯಲ್ಲೇ ಬಿಟ್ಟರೆ ಮಳೆ ಬಂದಾಗ ಅದು ಮತ್ತೆ ಚರಂಡಿಗೇ ಸೇರುತ್ತದೆಂದು ಒಬ್ಬರು ಹೇಳುತ್ತಾರೆ. ಡಾಂಬರು ಹಾಕಿದ ವಾರದಲ್ಲೇ ಕೊಳವೆಗಾಗಿ ರಸ್ತೆ ಅಗೆದದ್ದಕ್ಕೆ ಇನ್ನೊಬ್ಬರು ಉತ್ತರ ಕೇಳುತ್ತಾರೆ. ಎರಡು ಇಲಾಖೆಯವರು ಒಂದೇ ಕೋಣೆಯಲ್ಲಿ ಕೂತಿರುವಾಗ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುವುದು ಕಷ್ಟ. ಹೇಳಿದ್ದು ನಡಾವಳಿಯಲ್ಲಿ ದಾಖಲಾದರೆ ಮುಂದಿನ ತಿಂಗಳು ಅದನ್ನೇ ಓದಿ ಕೇಳಬಹುದು. ಸಂಘದ ಮನವಿಪತ್ರಕ್ಕೆ ಇಲ್ಲದ ಬಲ ಆ ನಡಾವಳಿಗಿದೆ. ನಡಾವಳಿ ಬರೆಯದ, ಬರೆದರೂ ಪ್ರಕಟಿಸದ ವಾರ್ಡುಗಳಲ್ಲಿ ಸಭೆಯಿಂದ ಏನೂ ಉಳಿಯುವುದಿಲ್ಲ.

2020ರ ಸೆಪ್ಟೆಂಬರ್ 10ಕ್ಕೆ ಚುನಾಯಿತ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು, ವಾರ್ಡುಗಳಿಗೆ ಸಮಿತಿಯ ಹೊಣೆ ಹೊರುವ ನೋಡಲ್ ಅಧಿಕಾರಿಗಳು ನೇಮಕವಾದರು. 2021-22ರ ಬಜೆಟ್ಟಿನಲ್ಲಿ ರಸ್ತೆಗುಂಡಿ, ಪಾದಚಾರಿ ಮಾರ್ಗ ಮತ್ತು ಕೊಳವೆಬಾವಿಗಳಿಗೆಂದು ಪ್ರತಿ ವಾರ್ಡಿಗೆ 60 ಲಕ್ಷ ರೂಪಾಯಿಯನ್ನು ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು ಈ ಅವಧಿಯ ಮುಖ್ಯ ಹೆಜ್ಜೆ. ಇನ್ನೊಂದೆಡೆ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ, ಅಲ್ಲಿಂದ 225ಕ್ಕೆ ಬದಲಾಗುತ್ತಾ ಚುನಾವಣೆ ಮುಂದೆ ಹೋಗುತ್ತಲೇ ಇತ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ ಚುನಾಯಿತ ಸದಸ್ಯರಿಲ್ಲದೆ ಐದು ವರ್ಷವಾಗುತ್ತಾ ಬಂದಿತ್ತು. ಈಗ ವಾರ್ಡುಗಳ ಸಂಖ್ಯೆ 369. ವಾರ್ಡ್ ಸಮಿತಿಗೆ ಹೊಸ ಕಾಯ್ದೆಯಲ್ಲೂ ಜಾಗವಿದೆ.

ಆ ಜಾಗದಲ್ಲಿ ಯಾರು ಕೂರುತ್ತಾರೆ ಎಂಬುದು ಇನ್ನೂ ಇತ್ಯರ್ಥವಾಗಬೇಕಾದ ವಿಷಯ. ನಿವಾಸಿಗಳ ಸಂಘಗಳಲ್ಲಿ ಸಾಮಾನ್ಯವಾಗಿ ಇರುವವರು ಸ್ವಂತ ಮನೆಯವರು, ನಿವೃತ್ತರು, ಸಮಯ ಹೊಂದಿಸಿಕೊಳ್ಳಬಲ್ಲವರು. ಅದೇ ವಾರ್ಡಿನ ಬಾಡಿಗೆದಾರರು, ಕೊಳೆಗೇರಿಯ ಕುಟುಂಬಗಳು, ಬೀದಿಬದಿ ವ್ಯಾಪಾರಿಗಳು ಅಲ್ಲಿ ಅಪರೂಪ. ಸಂಘ ಪಾದಚಾರಿ ಮಾರ್ಗ ತೆರವಾಗಲಿ ಎಂದಾಗ ತರಕಾರಿ ಗಾಡಿಯವರ ಮಾತನ್ನೂ ಯಾರಾದರೂ ಕೇಳಬೇಕು. 2011ರ ತಿದ್ದುಪಡಿ ಇದಕ್ಕೊಂದು ದಾರಿ ಹುಡುಕಿತ್ತು. ಮತಗಟ್ಟೆಗಳ ಮಟ್ಟದಲ್ಲಿ ಏರಿಯಾ ಸಭೆ, ಆ ಮತಗಟ್ಟೆಗಳ ಎಲ್ಲ ಮತದಾರರೂ ಅದರ ಸದಸ್ಯರು ಎಂಬುದು ಆ ಕಲ್ಪನೆ. ನಗರಕ್ಕೆ ಸಿಗದೆ ಹೋದ ಗ್ರಾಮಸಭೆಗೆ ಅತ್ಯಂತ ಹತ್ತಿರದ್ದು ಅದೇ. ವಾರ್ಡ್ ಸಮಿತಿಗಾಗಿ ನಡೆದಷ್ಟು ಒತ್ತಾಯ ಏರಿಯಾ ಸಭೆಗಾಗಿ ನಡೆಯಲಿಲ್ಲ. ಐದು ಪಾಲಿಕೆಗಳ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಹೊತ್ತಿಗೆ ಬಡಾವಣೆಯ ಸಂಘಗಳು ತಮ್ಮ ಕುರ್ಚಿಯ ಜೊತೆಗೆ ಈ ಸಭೆಗಳನ್ನೂ ಕೇಳಬೇಕು, ತಮ್ಮದೇ ವಾರ್ಡಿನ ಕೊಳೆಗೇರಿಯವರನ್ನೂ ಬಾಡಿಗೆದಾರರನ್ನೂ ಜೊತೆಗೆ ಕರೆದುಕೊಂಡು ಕೇಳಬೇಕು.