ಫಾರ್ಮ್ಯಾಟ್ ಮಾಡುವ ಮೊದಲು ಪರದೆ ಓದಿ

ಮೇ ತಿಂಗಳ ಸಿಡಿಲು ಮಳೆ ಶುರುವಾಯಿತೆಂದರೆ ಮಂಗಳೂರಿನ ಕಂಪ್ಯೂಟರ್ ರಿಪೇರಿಯವರಿಗೆ ಪುರುಸೊತ್ತೇ ಇರುವುದಿಲ್ಲ. ರಾತ್ರಿ ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಒಂದೇ ಒಂದು ಸಾಲು ಬಿಳಿ ಅಕ್ಷರ. ಅದನ್ನು ಓದುವ ತಾಳ್ಮೆ ಯಾರಿಗಿದೆ? ಡಬ್ಬ ಹೊತ್ತುಕೊಂಡು ಹಂಪನಕಟ್ಟೆ ಕಡೆಗೆ ಹೊರಡುತ್ತೇವೆ. “ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು” ಅಂತ ಯಾರಾದರೂ ಹೇಳಿದರೆ ತಲೆಯಾಡಿಸುತ್ತೇವೆ. ಫಾರ್ಮ್ಯಾಟ್ ಎಂದರೆ ಡಿಸ್ಕ್‌ನಲ್ಲಿರುವುದನ್ನು ಅಳಿಸಿ ಹೊಸದಾಗಿ ಶುರು ಮಾಡುವುದು.

ಆದರೆ ಆ ಸಾಲನ್ನು ಬರೆದದ್ದು ಯಾರು? ವಿಂಡೋಸ್ ಅಂತೂ ಅಲ್ಲ, ಅದಿನ್ನೂ ಎದ್ದೇ ಇಲ್ಲ. ಬರೆದದ್ದು ಯಾರೆಂದು ಗೊತ್ತಾದರೆ ಕೆಟ್ಟದ್ದು ಎಲ್ಲಿ ಎಂಬುದೂ ಬಹುಪಾಲು ಗೊತ್ತಾದ ಹಾಗೆ.

ಹಾರ್ಡ್ ಡಿಸ್ಕ್ ಆಪರೇಟಿಂಗ್ ಸಿಸ್ಟಂ ಅನ್ನು, ಅಂದರೆ ವಿಂಡೋಸ್‌ನಂಥ ಮೂಲ ಪ್ರೋಗ್ರಾಂ ಅನ್ನು, ಶುರು ಮಾಡುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ನಿಜವಾಗಿ ಡಿಸ್ಕ್ ಏನನ್ನೂ ಶುರು ಮಾಡುವುದಿಲ್ಲ, ಕೇಳಿದ್ದನ್ನು ಕೊಡುತ್ತದೆ ಅಷ್ಟೇ. ಕೇಳುವವರು ಬೇರೆ. ಕರೆಂಟ್ ಬಂದ ಕ್ಷಣ ಪ್ರೊಸೆಸರ್‌ಗೆ ಡಿಸ್ಕ್ ಇದೆ ಎಂಬುದೂ ಗೊತ್ತಿರುವುದಿಲ್ಲ. ರ‍್ಯಾಮ್ ಖಾಲಿ. ಪ್ರೊಸೆಸರ್‌ಗೆ ಗೊತ್ತಿರುವುದು ಮೆಮೊರಿಯ ಒಂದೇ ವಿಳಾಸ. 1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರಿನಲ್ಲಿ ಅದು 1 ಎಂಬಿ ಮೆಮೊರಿಯ ತುದಿಗೆ ಬರೀ 16 ಬೈಟ್ ಇರುವಾಗ ಸಿಗುವ ಜಾಗ. ಅಲ್ಲಿ ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿರುವ ಪ್ರೋಗ್ರಾಂ ಕಾದಿರುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್. ಅದು ಮೆಮೊರಿ, ಕೀಬೋರ್ಡ್ ಎಲ್ಲ ನೋಡಿಕೊಂಡು ಆಮೇಲೆ ಡಿಸ್ಕ್ ಕಡೆ ತಿರುಗುತ್ತದೆ.

ಅಷ್ಟರಲ್ಲಿ ಡಿಸ್ಕ್ ತನ್ನದೇ ತಯಾರಿಯಲ್ಲಿರುತ್ತದೆ. ಅದರೊಳಗೂ ಒಂದು ಪುಟ್ಟ ಕಂಪ್ಯೂಟರ್ ಇದೆ. ಮಾಹಿತಿ ಬರೆದಿರುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತಿನ ವೇಗಕ್ಕೆ ಬರಬೇಕು. ಓದುವ ಹೆಡ್ ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲಬೇಕು. ತಮಾಷೆಯೆಂದರೆ, ಡಿಸ್ಕ್ ಅನ್ನು ನಡೆಸುವ ಪ್ರೋಗ್ರಾಂನ ಒಂದು ಭಾಗ ಅದೇ ತಟ್ಟೆಯ ಮೇಲೆ, ನಮಗೆ ಕಾಣದ ಜಾಗದಲ್ಲಿರುತ್ತದೆ. ಹಾಗಾಗಿ ಡಿಸ್ಕ್ ಮೊದಲು ತನ್ನನ್ನೇ ಓದಿಕೊಂಡು ಆಮೇಲೆ “ರೆಡಿ” ಅನ್ನುತ್ತದೆ.

ಬಯೋಸ್ ಆಗ ಕೇಳುವುದು ಡಿಸ್ಕ್‌ನ ಮೊದಲ ಸೆಕ್ಟರ್, ಅಂದರೆ ಮೊದಲ ಪುಟ್ಟ ತುಣುಕು, ಒಂದನ್ನೇ. ಒಟ್ಟು 512 ಬೈಟ್. ಅದರಲ್ಲಿ ಪ್ರೋಗ್ರಾಂಗೆ 446, ಡಿಸ್ಕ್ ಯಾವ ಭಾಗಗಳಾಗಿ (ಪಾರ್ಟಿಷನ್) ಹಂಚಿಕೊಂಡಿದೆ ಎಂಬ ಪಟ್ಟಿಗೆ 64, ಕೊನೆಗೆ ಗುರುತಿಗೆಂದು 2 ಬೈಟ್. ಆ ಗುರುತು ಇಲ್ಲದಿದ್ದರೆ ಬಯೋಸ್ ಸಾಮಾನ್ಯವಾಗಿ ಆ ಡಿಸ್ಕ್ ಬಿಟ್ಟು ಮುಂದೆ ಹೋಗುತ್ತದೆ. 446 ಬೈಟ್ ಎಂದರೆ ಎಷ್ಟು ಕಡಿಮೆ ಗೊತ್ತಾ? ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಸಾಮಾನ್ಯವಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಒತ್ತು ಗುಣಿತಗಳನ್ನೂ ಪ್ರತ್ಯೇಕವಾಗಿ ಎಣಿಸಬೇಕು. ಈ ಪ್ಯಾರಾದ ಅರ್ಧವೂ ಅದರಲ್ಲಿ ಹಿಡಿಸುವುದಿಲ್ಲ.

ಇಷ್ಟು ಚಿಕ್ಕ ಪ್ರೋಗ್ರಾಂಗೆ ವಿಂಡೋಸ್ ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ಅದು ತನಗಿಂತ ಸ್ವಲ್ಪ ದೊಡ್ಡವನನ್ನು ಕರೆದು ತಾನು ಜಾರಿಕೊಳ್ಳುತ್ತದೆ. ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮುಂಚೆ ಕೋಡಂಗಿ, ಬಾಲಗೋಪಾಲರು ಒಬ್ಬರ ಹಿಂದೆ ಒಬ್ಬರು ಬಂದು ಹೋಗುವ ಹಾಗೆ. ಮೊದಲ ಸೆಕ್ಟರ್ ಪಾರ್ಟಿಷನ್ನಿನ ಬೂಟ್ ಸೆಕ್ಟರನ್ನು (ಬೂಟ್ ಎಂದರೆ ಕಂಪ್ಯೂಟರನ್ನು ಎಬ್ಬಿಸುವುದು) ಕರೆಯುತ್ತದೆ, ಅದು ಬೂಟ್ ಮ್ಯಾನೇಜರನ್ನು, ಅದು ಲೋಡರನ್ನು, ಲೋಡರ್ ಕೊನೆಗೆ ವಿಂಡೋಸ್‌ನ ತಿರುಳಾದ ಕರ್ನಲನ್ನು.

ಎಡವಿದವರು ತಮ್ಮ ತಮ್ಮ ಭಾಷೆಯಲ್ಲೇ ದೂರು ಹೇಳುತ್ತಾರೆ. “ನೋ ಬೂಟಬಲ್ ಡಿವೈಸ್” ಎಂದರೆ ಮಾತಾಡುತ್ತಿರುವುದು ಮದರ್‌ಬೋರ್ಡ್. ಡಿಸ್ಕ್ ಸತ್ತಿರಬಹುದು, ಅಥವಾ ಸುಮ್ನೆ ಕೇಬಲ್ ಸಡಿಲವಾಗಿರಬಹುದು. ಕರಾವಳಿಯ ತೇವಕ್ಕೆ ಕನೆಕ್ಟರ್ ಕಿಲುಬು ಹಿಡಿಯುವುದು ಹೊಸದೇನಲ್ಲ. “ಇನ್‌ವ್ಯಾಲಿಡ್ ಪಾರ್ಟಿಷನ್ ಟೇಬಲ್” ಎಂಬುದು ಆ 446 ಬೈಟಿನವನ ಮಾತು. “ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್” ಬಂದರೆ ನನ್ನ ಪ್ರಕಾರ ಸ್ವಲ್ಪ ಸಮಾಧಾನ ಪಡಬಹುದು. ಹೆಚ್ಚಿನ ಸಲ ಅದನ್ನು ಹೇಳುವುದು ಪಾರ್ಟಿಷನ್ನಿನ ಬೂಟ್ ಸೆಕ್ಟರ್. ಅಂದರೆ ತಟ್ಟೆ ತಿರುಗಿದೆ, ಹೆಡ್ ಓದಿದೆ, ಪಟ್ಟಿ ಸರಿ ಇದೆ. ಸಿಗದಿರುವುದು ಬೂಟ್ ಮ್ಯಾನೇಜರ್ ಎಂಬ ಒಂದು ಫೈಲ್. ಅದಕ್ಕಾಗಿ ಮಗಳ ಮದುವೆ ಫೋಟೋ ಅಳಿಸಬೇಕಾಗಿಲ್ಲ, ಅಲ್ವಾ? ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸರಿಪಡಿಸುವ ದಾರಿ ಇದೆ.

ಮೊದಲ ಸೆಕ್ಟರಿನ ಈ ಏರ್ಪಾಡು ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದ 1983ರದ್ದು. ಅದರ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇರುವುದರಿಂದ ಸುಮಾರು 2 ಟಿಬಿಗಿಂತ ಜಾಸ್ತಿ ಲೆಕ್ಕ ಹಾಕಲು ಆಗದು. ಅದಕ್ಕೇ ಈಗಿನ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್ಐ, ಹಳೆಯ ಪಟ್ಟಿಯ ಬದಲು ಜಿಪಿಟಿ. ಯುಇಎಫ್ಐಗೆ ಫೈಲ್ ಸಿಸ್ಟಂ ಓದಲು ಬರುತ್ತದೆ. ಡಿಸ್ಕ್‌ನ ಒಂದು ಚಿಕ್ಕ ಪಾರ್ಟಿಷನ್ನಿನಲ್ಲಿರುವ ಬೂಟ್ ಫೈಲನ್ನು ಅದು ಹೆಸರು ಹಿಡಿದೇ ಕರೆಯುತ್ತದೆ, 446 ಬೈಟಿನ ಸರ್ಕಸ್ ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಂದೇಶಕ್ಕೆ ಕಾಯಬೇಡಿ. ಡಿಸ್ಕ್ ಒಳಗಿಂದ ಟಕ್, ಟಕ್ ಎಂದು ಒಂದೇ ಸಮನೆ ಸದ್ದು ಬಂದರೆ ಕೂಡಲೇ ಆಫ್ ಮಾಡಿ. ಹೆಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಆನ್ ಮಾಡಿದರೆ ತಟ್ಟೆಯೇ ಗೀರಿ ಹೋಗಬಹುದು.

ಇನ್ನು, ಕಂಪ್ಯೂಟರಿನ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ವಿಂಡೋಸ್ ಅರ್ಧ ಬಂದು ನೀಲಿ ಪರದೆಯಲ್ಲಿ ನಿಂತರೆ, ಮದರ್‌ಬೋರ್ಡಿನ ಬಟನ್ ಸೆಲ್ ನೋಡಿ. ಅದು ಖಾಲಿಯಾದರೆ ಹಳೆಯ ಬೋರ್ಡ್ ತನ್ನ ಸೆಟ್ಟಿಂಗ್ ಮರೆಯುತ್ತದೆ, ಡಿಸ್ಕ್ ಜೊತೆ ಮಾತಾಡುವ ವಿಧಾನವೂ ಅದರಲ್ಲಿ ಸೇರಿದೆ. ಡಿಸ್ಕ್ ಮುಟ್ಟುವುದೇ ಬೇಡ. 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಿ, ಸೆಟ್ಟಿಂಗ್ ಮೊದಲಿನಂತೆ ಇಡಿಸಿ.