ಭತ್ತಕ್ಕೆ ಏರಿದ ಬೆಲೆ ಹತ್ತಿಗೇಕೆ ಏರಲಿಲ್ಲ?

ರಾಜ್ಯದ ಎಪಿಎಂಸಿಗಳಲ್ಲಿ ಹಿಂದೆ ಟೆಂಡರ್ ಎಂದರೆ ಚೀಟಿಯ ವ್ಯವಹಾರ. ವರ್ತಕರು ಅಂಗಡಿ ಅಂಗಡಿ ತಿರುಗಿ, ಲಾಟ್ (ಮಾರಾಟಕ್ಕಿಟ್ಟ ಒಂದೊಂದು ರಾಶಿ) ನೋಡಿ, ದರ ಬರೆದ ಚೀಟಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಸಿಬ್ಬಂದಿ ಅವನ್ನು ಕೈಯಲ್ಲೇ ವಿಂಗಡಿಸಿ ಹೆಚ್ಚಿನ ದರ ಹುಡುಕುತ್ತಿದ್ದರು. ಸುಗ್ಗಿಯಲ್ಲಿ ಎಷ್ಟು ಎಡವಟ್ಟಿಗೆ ದಾರಿಯಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2014ರಲ್ಲಿ ಶುರುವಾದ ಏಕೀಕೃತ ಮಾರುಕಟ್ಟೆ ವೇದಿಕೆ ಆ ಪೆಟ್ಟಿಗೆಯನ್ನು ಆನ್‌ಲೈನಿಗೆ ತಂದಿತು. ಸಮಯ ಮುಗಿದ ಮೇಲೆ ಗೆದ್ದ ದರ ರೈತನ ಮೊಬೈಲಿಗೆ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಮಾರದಿರುವ ಹಕ್ಕೂ ಅವನದೇ.

ಇಷ್ಟರಿಂದ ಬೆಲೆ ಏರುವುದು ಹೇಗೆ? ಗುಪ್ತ ಟೆಂಡರಿನಲ್ಲಿ ಯಾರೂ ತಮಗೆ ಗಿಟ್ಟುವ ಪೂರ್ತಿ ದರ ಬರೆಯುವುದಿಲ್ಲ. ಎದುರಿಗೆ ಎಷ್ಟು ಮಂದಿ ಇದ್ದಾರೆಂದು ಅಂದಾಜಿಸಿ ಇಳಿಸಿಯೇ ಬರೆಯುತ್ತಾರೆ. ಲೆಕ್ಕಕ್ಕಾಗಿ, ಒಂದು ಲಾಟ್ ಭತ್ತ ಬೇರೆ ಬೇರೆ ವರ್ತಕರಿಗೆ ಕ್ವಿಂಟಲಿಗೆ 2,000ದಿಂದ 2,600 ರೂಪಾಯಿಯೊಳಗೆ ಯಾವ ದರಕ್ಕಾದರೂ ಗಿಟ್ಟಬಹುದು, ಎಲ್ಲ ದರಗಳಿಗೂ ಸಮಾನ ಸಂಭವ ಎಂದುಕೊಳ್ಳೋಣ. ಹರಾಜಿನ ಗಣಿತದ ಪ್ರಕಾರ ವರ್ತಕರು ಇಬ್ಬರೇ ಇದ್ದರೆ ಗೆಲ್ಲುವ ದರ ಸರಾಸರಿ 2,200 ರೂಪಾಯಿ. ಐವರಾದರೆ 2,400. ಅದೇ ಭತ್ತ, ಅದೇ ಚೀಲ! ಟೆಂಡರ್ ಆನ್‌ಲೈನಾದರೆ ಬೇರೆ ಊರಿನ ವರ್ತಕರೂ ದರ ಹಾಕಬಹುದು ಎಂಬುದೇ ಇಲ್ಲಿನ ಲೆಕ್ಕಾಚಾರ.

ಈ ವೇದಿಕೆಯ ಫಲವನ್ನು ಅಳೆದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭತ್ತದ ಮಾದರಿ ಬೆಲೆ (ದಿನದ ವಹಿವಾಟಿನಲ್ಲಿ ಹೆಚ್ಚಾಗಿ ಕಂಡುಬರುವ ದರ) ಸರಾಸರಿ ಶೇ 5.1, ಶೇಂಗಾದ್ದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಏರಿತು. ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೆ ಸಂತೋಷದ ಸುದ್ದಿಯೇ. ಆದರೆ ಹತ್ತಿ, ತೊಗರಿ, ಹೆಸರುಕಾಳಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳ ಊರಾದ ರಾಯಚೂರು ಗಮನಿಸಬೇಕಾದದ್ದು ಇದನ್ನೇ.

ಹತ್ತಿ ಕೊಳ್ಳುವವನ ಕೈ ನೋಡಿ. ಅಂಡಿಗೆಯೊಳಗೆ (ಹತ್ತಿ ತುಂಬಿದ ದೊಡ್ಡ ಚೀಲದೊಳಗೆ) ಮೊಣಕೈವರೆಗೆ ತೂರಿಸಿ ಒಂದು ಹಿಡಿ ಹೊರತೆಗೆಯುತ್ತಾನೆ. ಮೇಲೆ ಒಣಗಿದ್ದು ಒಳಗೆ ಹಸಿಯಾಗಿರಬಹುದು. ಬೆರಳುಗಳ ನಡುವೆ ಎಳೆಯನ್ನು ಜಗ್ಗಿ ಉದ್ದ ನೋಡುತ್ತಾನೆ. ಬೀಜ ಸಮೇತ ಕೊಂಡ ಹತ್ತಿಯಲ್ಲಿ ಅರಳೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಅದರಲ್ಲೂ ಕೊಂಚ ಖೋತಾ ಆದರೆ ಅವನ ಲಾಭ ಹೋಯಿತು. ದೂರದಲ್ಲಿ ಕುಳಿತವನಿಗೆ ಲಾಟ್ ಸಂಖ್ಯೆ ನೋಡಿ ಇದೆಲ್ಲ ತಿಳಿಯುವುದಿಲ್ಲ. ದರ ಹಾಕಿದರೂ ಅನುಮಾನದ ಬಾಬ್ತು ಕಳೆದೇ ಹಾಕುತ್ತಾನೆ. ಜಾಲ ರಾಜ್ಯದಗಲ ಹಬ್ಬಿದ್ದರೂ ಪೈಪೋಟಿ ರಾಯಚೂರಿನ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನ ಒಳಗೇ ಉಳಿಯುವುದಕ್ಕೆ ಇದೇ ದೊಡ್ಡ ಕಾರಣವೆಂಬುದು ನನ್ನ ಎಣಿಕೆ.

ಇನ್ನೊಂದು ಆ್ಯಪ್ ಇದಕ್ಕೆ ಮದ್ದಲ್ಲ. (ಆ್ಯಪ್ ಉದ್ಘಾಟಿಸುವುದು ಸುಲಭ, ಆ ಮಾತು ಬೇರೆ.) ತೇವಾಂಶ ಅಳೆಯುವ ಮೀಟರ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬೀಜ ಬಿಡಿಸಿದ ಅರಳೆಯ ಉದ್ದ, ಬಲ, ನಯವನ್ನು ಒಟ್ಟಿಗೆ ಅಳೆಯುವ ಯಂತ್ರ ದುಬಾರಿಯಾದರೂ ಇಡೀ ಮಾರುಕಟ್ಟೆ ಹಂಚಿಕೊಳ್ಳಬಹುದಾದದ್ದು. ಅದರ ವರದಿ ಲಾಟ್ ಸಂಖ್ಯೆಯ ಪಕ್ಕದಲ್ಲೇ ಕಂಡರೆ ಪರವಾನಗಿ ಇರುವ ಪರಊರಿನ ಖರೀದಿದಾರನೂ ಧೈರ್ಯವಾಗಿ ದರ ಹಾಕಬಲ್ಲ. ಮಾದರಿ ತೆಗೆಯುವವರು, ಯಂತ್ರ ನಡೆಸುವವರು, ಗೋದಾಮು ನೋಡಿಕೊಳ್ಳುವವರು, ಲಾರಿ ಗೊತ್ತುಮಾಡುವವರು ಆಗ ಬೇಕಾಗುತ್ತಾರೆ. ಆ ಕೆಲಸಗಳನ್ನು ಬೆಂಗಳೂರಿನಲ್ಲಿ ಕುಳಿತು ಮಾಡಲು ಬರುವುದಿಲ್ಲ. ಹತ್ತಿ ಬಂದು ಬೀಳುವ ಊರಿನಲ್ಲೇ ಮಾಡಬೇಕು.